ಹಳೆ ಕಾರು, ದುಬಾರಿ ಕಾರು: ವಿಮೆಯಲ್ಲಿ ಮೊದಲು ನೋಡಬೇಕಾದದ್ದು ಪ್ರೀಮಿಯಂ ಅಲ್ಲ

1980ರ ಪ್ರೀಮಿಯರ್ ಪದ್ಮಿನಿಗೆ ಆನ್‌ಲೈನಿನಲ್ಲಿ ವಿಮೆ ಹುಡುಕಿದರೆ ಸಾಮಾನ್ಯವಾಗಿ ಎರಡರಲ್ಲಿ ಒಂದಾಗುತ್ತದೆ. ಒಂದೋ ಥರ್ಡ್ ಪಾರ್ಟಿ, ಅಂದರೆ ನಮ್ಮ ಕಾರಿನಿಂದ ಬೇರೆಯವರಿಗಾದ ಹಾನಿಯ ಪಾಲಿಸಿ ಮಾತ್ರ ಸಿಗುತ್ತದೆ, ಇಲ್ಲವೇ ಕಾರಿನ ಮೌಲ್ಯದ ಜಾಗದಲ್ಲಿ ನಲವತ್ತೋ ಅರುವತ್ತೋ ಸಾವಿರದ ಅಂಕಿ ತಾನಾಗಿಯೇ ಬಂದು ಕೂರುತ್ತದೆ. ಪ್ರೀಮಿಯಂ ಕಮ್ಮಿಯಾಯಿತಲ್ಲ ಎಂದು ಹಣ ಕಟ್ಟಿದವರಿಗೆ ಆ ಅಂಕಿಯ ಅರ್ಥ ತಿಳಿಯುವುದು ಕಾರಿಗೆ ಪೆಟ್ಟು ಬಿದ್ದ ಮೇಲೆ.

ಕರಾವಳಿಯಲ್ಲಿ ಇದು ನಾಲ್ಕೈದು ಜನರ ಶೋಕಿಯ ವಿಷಯವಾಗಿ ಉಳಿದಿಲ್ಲ. ಅಜ್ಜನ ಕಾಲದ ಅಂಬಾಸಿಡರ್, ಮುಂಬೈಯಿಂದ ತಂದ ಫಿಯೆಟ್, ತೋಟದ ಶೆಡ್ಡಿನಲ್ಲಿ ತುಕ್ಕು ಹಿಡಿಯುತ್ತಿದ್ದ ವಿಲ್ಲಿಸ್ ಜೀಪು ಇವಕ್ಕೆಲ್ಲ ಐದಾರು ಲಕ್ಷ ಸುರಿದು ಹೊಸ ಜೀವ ಕೊಡಿಸುವವರು ಮಂಗಳೂರು, ಉಡುಪಿಯಲ್ಲಿ ಹೆಚ್ಚಿದ್ದಾರೆ. ಧರ್ಮಸ್ಥಳದ ಮಂಜೂಷಾ ಸಂಗ್ರಹದ ಹಳೆ ಕಾರುಗಳನ್ನು ನೋಡಿ ಬಂದವರಿಗೆ ಈ ಹುಚ್ಚು ಹತ್ತುವುದೂ ಸಹಜವೇ. ಇನ್ನೊಂದು ಕಡೆ ಒಂದೂವರೆ, ಎರಡು ಕೋಟಿಯ ಸ್ಪೋರ್ಟ್ಸ್ ಕಾರುಗಳು ಹೆದ್ದಾರಿ 66ರಲ್ಲಿ ಕಾಣಿಸತೊಡಗಿವೆ. ವಿಮೆಯ ಮಟ್ಟಿಗೆ ಎರಡಕ್ಕೂ ನಿಯಮದ ಪುಸ್ತಕ ಒಂದೇ, ಆದರೆ ತೊಂದರೆ ತದ್ವಿರುದ್ಧ. ಹಳೆ ಕಾರಿಗೆ ಪುಸ್ತಕದಲ್ಲಿ ಬೆಲೆಯೇ ಇಲ್ಲ. ದುಬಾರಿ ಕಾರಿಗೆ ಬೆಲೆ ಇದೆ, ಆದರೆ ಪುಸ್ತಕದ ಉಳಿದ ಮಿತಿಗಳೆಲ್ಲ ಮಾರುತಿ ಕಾರಿನ ಅಳತೆಯವು.

‘ಕ್ಲಾಸಿಕ್’ ಎಂಬ ವರ್ಗ ಕಾನೂನಿನಲ್ಲಿಲ್ಲ

ನಮ್ಮಲ್ಲಿ ಕಾನೂನು ಗುರುತಿಸುವುದು ‘ವಿಂಟೇಜ್’ ವಾಹನವನ್ನು ಮಾತ್ರ. 2021ರ ಜುಲೈಯಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ಆದ ತಿದ್ದುಪಡಿಯಂತೆ, ಮೊದಲ ನೋಂದಣಿಯಾಗಿ 50 ವರ್ಷ ದಾಟಿದ, ಮೂಲ ರೂಪದಲ್ಲೇ ಉಳಿದ, ಚಾಸಿ, ಬಾಡಿ ಶೆಲ್, ಎಂಜಿನ್‌ಗಳಲ್ಲಿ ದೊಡ್ಡ ಬದಲಾವಣೆ ಆಗದ ದ್ವಿಚಕ್ರ ಮತ್ತು ನಾಲ್ಕು ಚಕ್ರದ ವಾಹನ ವಿಂಟೇಜ್. ಹೊಸ ನೋಂದಣಿಗೆ 20,000 ರೂಪಾಯಿ, ಮರು ನೋಂದಣಿಗೆ 5,000. ಅವಧಿ 10 ವರ್ಷ. ಹೊಸದಾಗಿ ನೋಂದಾಯಿಸಿದರೆ ಸಂಖ್ಯೆಯಲ್ಲಿ ರಾಜ್ಯದ ಅಕ್ಷರಗಳ ನಂತರ ‘ವಿಎ’ ಬರುತ್ತದೆ. ಮೊದಲೇ ನೋಂದಣಿಯಾದ ಕಾರು ತನ್ನ ಹಳೆ ಸಂಖ್ಯೆಯನ್ನು ಉಳಿಸಿಕೊಳ್ಳಬಹುದು.

ಈ ಲೆಕ್ಕದಲ್ಲಿ 1972ರ ಅಂಬಾಸಿಡರ್ ವಿಂಟೇಜ್. 1983ರ ಕೊನೆಗೆ ರಸ್ತೆಗಿಳಿದ ಮೊದಲ ಮಾರುತಿ 800 ಕೂಡ 2033ರವರೆಗೆ ಬರೀ ಹಳೆ ಕಾರು, ಅಷ್ಟೇ. ಎಂಬತ್ತರ ದಶಕದ ಕಾಂಟೆಸ್ಸಾ, ಡಬ್ಲ್ಯು124 ಬೆಂಜ್ ಇವೆಲ್ಲ ನಡುವೆ ಸಿಕ್ಕಿಬಿದ್ದಿರುವ ಕಾರುಗಳು. ಅಭಿಮಾನಿಗಳಿಗೆ ಅವು ಕ್ಲಾಸಿಕ್, ಆರ್‌ಟಿಓಗೂ ವಿಮಾ ಕಂಪೆನಿಯ ಗಣಕಕ್ಕೂ ಅವು ಸವೆದ ಸೆಕೆಂಡ್ ಹ್ಯಾಂಡ್. ಮೇಲಿಂದ 2025ರ ಆಗಸ್ಟ್‌ನಲ್ಲಿ 20 ವರ್ಷ ದಾಟಿದ ಕಾರಿನ ನೋಂದಣಿ ನವೀಕರಣದ ಶುಲ್ಕ 10,000 ರೂಪಾಯಿಗೆ, ಆಮದು ಕಾರಾದರೆ 80,000ಕ್ಕೆ ಏರಿತು.

50 ವರ್ಷ ದಾಟಿದ ಕೂಡಲೇ ವಿಂಟೇಜ್ ನೋಂದಣಿಗೆ ಓಡುವುದೂ ಜಾಣತನವಲ್ಲ. ಹಾಗೆ ನೋಂದಾಯಿಸಿದ ಕಾರನ್ನು ಪ್ರದರ್ಶನ, ರ‍್ಯಾಲಿ, ತಾಂತ್ರಿಕ ಸಂಶೋಧನೆ, ಇಂಧನ ತುಂಬಿಸುವುದು, ರಿಪೇರಿ ಇಂಥ ಕಾರಣಗಳಿಗೆ ಮಾತ್ರ ರಸ್ತೆಗಿಳಿಸಬಹುದು. ಭಾನುವಾರ ಮನೆಮಂದಿಯನ್ನೆಲ್ಲ ಹತ್ತಿಸಿಕೊಂಡು ಕೊಲ್ಲೂರಿಗೋ ಕಟೀಲಿಗೋ ಹೊರಟರೆ ಅದು ಆ ಪಟ್ಟಿಯಲ್ಲಿ ಬರುವುದಿಲ್ಲ. ದಾರಿಯಲ್ಲಿ ಅಪಘಾತವಾದರೆ ಕಂಪೆನಿ ಮೊದಲು ಕೇಳುವ ಪ್ರಶ್ನೆಯೂ ‘ಕಾರು ಅಲ್ಲಿಗೆ ಯಾಕೆ ಹೋಗಿತ್ತು’ ಎಂಬುದೇ. ವಾರಕ್ಕೊಮ್ಮೆ ಓಡಿಸುವವರು ಸಾಮಾನ್ಯ ಆರ್‌ಸಿಯನ್ನೇ ನವೀಕರಿಸಿಕೊಂಡು ಹೋಗುವುದು ಒಳ್ಳೆಯದು.

ಥರ್ಡ್ ಪಾರ್ಟಿಯಲ್ಲಿ ಚೌಕಾಸಿಗೆ ಜಾಗವಿಲ್ಲ

ಇದರ ದರ ಸರಕಾರವೇ ನಿಗದಿ ಮಾಡುವುದು. 2022ರ ಜೂನ್ 1ರಿಂದ ಜಾರಿಗೆ ಬಂದ ಪಟ್ಟಿಯಂತೆ ಖಾಸಗಿ ಕಾರಿಗೆ 1000 ಸಿಸಿವರೆಗೆ 2,094 ರೂಪಾಯಿ, 1500 ಸಿಸಿವರೆಗೆ 3,416, ಅದಕ್ಕೆ ಮೇಲ್ಪಟ್ಟು 7,897. ಜಿಎಸ್‌ಟಿ ಬೇರೆ. ವಿಂಟೇಜ್ ಕಾರಿಗೆ ಇದರಲ್ಲಿ ಅರ್ಧ. 948 ಸಿಸಿಯ ಸ್ಟ್ಯಾಂಡರ್ಡ್ ಹೆರಾಲ್ಡ್ ಮೊದಲ ಸಾಲು, 1089 ಸಿಸಿಯ ಪದ್ಮಿನಿ ಎರಡನೆಯದು. ಅಂಬಾಸಿಡರಿನಲ್ಲಿ ಸ್ವಲ್ಪ ಎಚ್ಚರ ಬೇಕು: ಹಳೆ 1489 ಸಿಸಿ ಪೆಟ್ರೋಲ್ ಎಂಜಿನ್ ಆದರೆ ಎರಡನೆಯ ಸಾಲು, ಆಮೇಲೆ ಬಂದ 1817 ಸಿಸಿ ಇಸುಜು ಆದರೆ ಮೂರನೆಯದು. ಏಜೆಂಟರು ‘ಅಂಬಾಸಿಡರ್’ ಎಂದಷ್ಟೇ ನೋಡಿ ತಪ್ಪು ಸಾಲಿಗೆ ಹಾಕುವುದುಂಟು. ಆರ್‌ಸಿಯಲ್ಲಿರುವ ಸಿಸಿಯನ್ನೇ ಬರೆಸಬೇಕು.

ಎಲ್ಲ ನಿಂತಿರುವುದು ಐಡಿವಿಯ ಮೇಲೆ

ಐಡಿವಿ ಎಂದರೆ ವಿಮೆಯ ಮಟ್ಟಿಗೆ ಕಾರಿನ ಘೋಷಿತ ಮೌಲ್ಯ. ಕಾರು ಕಳುವಾದರೆ, ಪೂರ್ತಿ ಹಾಳಾದರೆ ಕೈಗೆ ಬರುವ ಗರಿಷ್ಠ ಮೊತ್ತ ಅದೇ. ಐದು ವರ್ಷದೊಳಗಿನ ಕಾರಿಗೆ ಅದರ ಸೂತ್ರ ಸಿದ್ಧವಾಗಿದೆ: ಕಾರು ತಯಾರಕರ ಮಾರಾಟ ಬೆಲೆಯಲ್ಲಿ ಆರು ತಿಂಗಳವರೆಗೆ ಶೇ. 5, ವರ್ಷದವರೆಗೆ 15, ಎರಡನೆಯ ವರ್ಷ 20, ಹೀಗೆ ಐದನೆಯ ವರ್ಷಕ್ಕೆ 50 ಕಡಿತ. ಐದು ವರ್ಷ ದಾಟಿದ ಕಾರಿಗೂ ತಯಾರಿಕೆ ನಿಂತುಹೋದ ಮಾದರಿಗೂ ಈ ಸೂತ್ರವಿಲ್ಲ. ಅಲ್ಲಿ ಐಡಿವಿ ನಿರ್ಧಾರವಾಗಬೇಕಾದದ್ದು ವಿಮಾ ಕಂಪೆನಿ ಮತ್ತು ಮಾಲೀಕರ ನಡುವಿನ ಒಪ್ಪಂದದಿಂದ. ಮೋಟಾರು ವಿಮೆಯ ದರ, ಷರತ್ತುಗಳ ಪುಸ್ತಕವಾದ ಸುಂಕಪಟ್ಟಿಯಲ್ಲೇ ಹಾಗೆಂದು ಬರೆದಿದೆ. ಹೊರದೇಶಗಳ ‘ಒಪ್ಪಿದ ಮೌಲ್ಯದ’ ಪಾಲಿಸಿ ನಮ್ಮಲ್ಲಿಲ್ಲ ಎಂದು ಕೊರಗುವವರು ಈ ಒಂದು ಸಾಲನ್ನು ಬಳಸಿಕೊಳ್ಳುತ್ತಿಲ್ಲ. ಮಾಲೀಕ ಬಾಯಿ ಬಿಡದಿದ್ದರೆ ಗಣಕ ತೋರಿಸಿದ ಅಂಕಿಯೇ ‘ಒಪ್ಪಂದ’ವಾಗಿಬಿಡುತ್ತದೆ.

ಲೆಕ್ಕ ಹಾಕಿ ನೋಡೋಣ. ಐದು ಲಕ್ಷ ಖರ್ಚು ಮಾಡಿ ಎಬ್ಬಿಸಿದ ಪದ್ಮಿನಿ ಮುಂಭಾಗಕ್ಕೆ ಗುದ್ದಿಸಿಕೊಂಡಿದೆ ಎಂದುಕೊಳ್ಳಿ. ಬಾನೆಟ್, ಫೆಂಡರ್, ಗ್ರಿಲ್, ಬಂಪರ್ ಸೇರಿ ಲೋಹದ ಭಾಗಗಳಿಗೆ 40,000, ರಬ್ಬರ್ ಬೀಡಿಂಗ್ ಇತ್ಯಾದಿ 6,000, ಮುಂದಿನ ಗಾಜು 9,000, ಟಿಂಕರಿಂಗ್ ಕೂಲಿ 25,000, ಪೇಂಟಿಂಗ್ 30,000. ಒಟ್ಟು 1,10,000. ಹತ್ತು ವರ್ಷ ದಾಟಿದ ಕಾರಿನ ಲೋಹದ ಭಾಗಗಳಿಗೆ ಶೇ. 50 ಸವಕಳಿ, ಅಂದರೆ 20,000 ಹೋಯಿತು. ರಬ್ಬರ್, ಪ್ಲಾಸ್ಟಿಕ್, ಟಯರ್, ಬ್ಯಾಟರಿಗೆ ಯಾವ ವಯಸ್ಸಾದರೂ ಶೇ. 50, ಇಲ್ಲಿ 3,000. ಗಾಜಿಗೆ ಸವಕಳಿ ಇಲ್ಲ, ಕೂಲಿಗೂ ಇಲ್ಲ. ಪೇಂಟಿಂಗ್ ಬಿಲ್ ಒಟ್ಟಾಗಿ ಕೊಟ್ಟಿದ್ದರೆ ಅದರ ಕಾಲು ಭಾಗವನ್ನು ಸಾಮಗ್ರಿ ಎಂದು ಹಿಡಿದು ಅದರಲ್ಲಿ ಅರ್ಧ ಕಳೆಯುತ್ತಾರೆ, 3,750. ಪ್ರತಿ ಕ್ಲೇಮಿನಲ್ಲೂ ಮಾಲೀಕರೇ ಭರಿಸಬೇಕಾದ ಕಡ್ಡಾಯ ಕಡಿತ 1500 ಸಿಸಿವರೆಗೆ 1,000. ಐಡಿವಿ ಐದು ಲಕ್ಷ ಇದ್ದರೆ ಕೈಗೆ ಬರುವುದು 82,250 ರೂಪಾಯಿ. ಕಾರು ನಿಮ್ಮದೇ.

ಅದೇ ಕಾರಿನ ಐಡಿವಿ 60,000 ಆಗಿದ್ದರೆ? ಪಾಲಿಸಿಯ ಷರತ್ತಿನಂತೆ ಲೆಕ್ಕ ಹಾಕಿದ ರಿಪೇರಿ ವೆಚ್ಚ ಐಡಿವಿಯ ಶೇ. 75 ದಾಟಿದರೆ, ಇಲ್ಲಿ 45,000 ದಾಟಿದರೆ, ಕಾರು ‘ಪೂರ್ಣ ನಷ್ಟ’. ಕಂಪೆನಿ ಕೊಡುವುದು 59,000, ಅದೂ ಕಾರನ್ನು ಗುಜರಿಗೆ ಬಿಟ್ಟುಕೊಟ್ಟರೆ. ಕಾರು ನನಗೇ ಇರಲಿ ಎಂದರೆ ಗುಜರಿ ಬೆಲೆ ಮುರಿದುಕೊಳ್ಳುತ್ತಾರೆ. ಅದು 25,000 ಎಂದಾದರೆ ಕೈಗೆ 34,000, ಮುಂದೆ ನಿಂತಿರುವುದು ಲಕ್ಷದ ರಿಪೇರಿ. ಬಾನೆಟ್ ಮಡಚಿದ್ದಕ್ಕೇ ಐದು ಲಕ್ಷದ ಕಾರು ಗುಜರಿಯ ಲೆಕ್ಕಕ್ಕೆ ಸೇರುವುದು ಹೀಗೆ.

ಐಡಿವಿ ಏರಿಸಿದರೆ ಪ್ರೀಮಿಯಂ ಏರುತ್ತದೆ, ನಿಜ. ಸ್ವಂತ ಹಾನಿಯ, ಅಂದರೆ ನಮ್ಮದೇ ಕಾರಿಗಾಗುವ ಹಾನಿಯ ವಿಮೆಯ ದರ 2007ರ ಜನವರಿಯಿಂದ ಮುಕ್ತವಾಗಿದೆ. ಹಳೆ ಸುಂಕಪಟ್ಟಿಯಲ್ಲಿ ಬೆಂಗಳೂರು ಸೇರಿ ಎಂಟು ಮಹಾನಗರಗಳು ‘ಎ’ ವಲಯ, ಮಂಗಳೂರು, ಉಡುಪಿ ‘ಬಿ’. ಇಲ್ಲಿ ಹತ್ತು ವರ್ಷ ಮೀರಿದ ಈ ಗಾತ್ರದ ಕಾರಿಗೆ ದರ ಐಡಿವಿಯ ಸುಮಾರು ಶೇ. 3.4. ಅದನ್ನೇ ಹಿಡಿದರೂ 60,000ಕ್ಕೆ ಎರಡು ಸಾವಿರ ಚಿಲ್ಲರೆ, ಐದು ಲಕ್ಷಕ್ಕೆ 17,000. ಇದರ ಮೇಲೆ ರಿಯಾಯಿತಿ ಕೇಳಬಹುದು, ಕೇಳಲೇಬೇಕು. ವರ್ಷಕ್ಕೆ ಐನೂರು ಕಿಲೋಮೀಟರ್ ಓಡದ, ಬೀಗ ಹಾಕಿದ ಶೆಡ್ಡಿನಲ್ಲಿರುವ ಕಾರಿಗೆ ಕಂಪೆನಿಗಿರುವ ಅಪಾಯ ಕಮ್ಮಿ.

ಒಪ್ಪಿಸುವ ದಾರಿ ಹೀಗೆ. ಆನ್‌ಲೈನ್ ಬಿಟ್ಟು ಶಾಖೆಗೇ ಹೋಗಬೇಕು, ಅಲ್ಲಿಯೂ ಕೌಂಟರಿನಲ್ಲಲ್ಲ, ಅಂಡರ್‌ರೈಟಿಂಗ್, ಅಂದರೆ ಅಪಾಯ ಅಳೆದು ವಿಮೆ ಒಪ್ಪುವ ಕೆಲಸ ನೋಡುವ ಅಧಿಕಾರಿಯ ಹತ್ತಿರ. ಪರವಾನಗಿ ಇರುವ ಸರ್ವೇಯರ್ ಅಥವಾ ಮಾನ್ಯತೆ ಪಡೆದ ಮೌಲ್ಯಮಾಪಕರಿಂದ ಲಿಖಿತ ಮೌಲ್ಯಮಾಪನ ವರದಿ, ರಿಪೇರಿಯ ಎಲ್ಲ ಬಿಲ್‌ಗಳು, ಚಾಸಿ ಮತ್ತು ಎಂಜಿನ್ ಸಂಖ್ಯೆಯ ಪೆನ್ಸಿಲ್ ಅಚ್ಚು, ದಿನಾಂಕ ಕಾಣುವ ಫೋಟೋಗಳು ಬೇಕು. ಫೋಟೋದಲ್ಲಿ ನಾಲ್ಕು ಕಡೆ ತೆಗೆದರೆ ಸಾಲದು. ಕಾರಿನ ಅಡಿಭಾಗ, ಬಾಗಿಲಿನ ತಳ, ಬೂಟಿನ ನೆಲ ಇವೆಲ್ಲ ಬೇಕು. ಉಪ್ಪುಗಾಳಿಯ ಊರಿನಲ್ಲಿ ಸರ್ವೇಯರ್ ಮೊದಲು ಬೆರಳಿಡುವುದು ತುಕ್ಕಿನ ಮೇಲೆ, ತುಕ್ಕು ‘ಸಹಜ ಸವೆತ’ವಾದ್ದರಿಂದ ವಿಮೆಗೆ ಹೊರಗು. ಗುದ್ದಿಗೆ ಮುಂಚೆ ತಗಡು ಗಟ್ಟಿಯಿತ್ತು ಎಂದು ತೋರಿಸುವ ಹೊಣೆ ಮಾಲೀಕರದು. ವಿಂಟೇಜ್ ಕಾರಾದರೆ ವಿಂಟೇಜ್ ಆ್ಯಂಡ್ ಕ್ಲಾಸಿಕ್ ಕಾರ್ ಕ್ಲಬ್ ಆಫ್ ಇಂಡಿಯಾದ ಪ್ರಮಾಣಪತ್ರಕ್ಕೂ ಬೆಲೆಯಿದೆ, ಸುಂಕಪಟ್ಟಿ ಹೆಸರಿಸುವುದು ಆ ಕ್ಲಬ್ಬನ್ನೇ. ಕೊನೆಗೆ ಒಪ್ಪಿದ ಅಂಕಿ ಪಾಲಿಸಿಯ ಹಾಳೆಯಲ್ಲೇ ಅಚ್ಚಾಗಬೇಕು, ಏಜೆಂಟರ ವಾಟ್ಸ್ಯಾಪ್ ಭರವಸೆ ಸಾಕ್ಷಿಯಲ್ಲ. ಬಿಡಿಭಾಗದ ಬೆಲೆ, ರಿಪೇರಿ ಖರ್ಚು ಏರುತ್ತಲೇ ಇರುವುದರಿಂದ ಎರಡು ವರ್ಷಕ್ಕೊಮ್ಮೆ ಮೌಲ್ಯಮಾಪನ ಹೊಸದಾಗಿ ಮಾಡಿಸಬೇಕು.

ಮದುವೆಗೆ ಕೊಟ್ಟ ಕಾರು, ಎಂಜಿನ್ ಬದಲಿಸಿದ ಜೀಪು

ಕ್ಲೇಮ್ ಬಿದ್ದುಹೋಗುವುದು ಹೆಚ್ಚಾಗಿ ಬಳಕೆಯ ಷರತ್ತಿನಲ್ಲಿ. ಖಾಸಗಿ ಕಾರಿನ ಪಾಲಿಸಿ ಬಾಡಿಗೆ ಅಥವಾ ಪ್ರತಿಫಲಕ್ಕೆ ಓಡಿಸುವುದನ್ನು ಒಪ್ಪುವುದಿಲ್ಲ. ಮೇ ತಿಂಗಳ ಮದುವೆಗಳಲ್ಲಿ ಹೂ ಸುತ್ತಿದ ಹಳೆ ಕಾರಿನಲ್ಲಿ ಮದುಮಗಳನ್ನು ಹಾಲ್‌ಗೆ ಕರೆತರುವುದು ಈಗ ಇಲ್ಲಿಯ ರೂಢಿ. ನೆಂಟರಿಗೆ ಪುಕ್ಕಟೆ ಕೊಟ್ಟರೆ ತೊಂದರೆ ಇಲ್ಲ. ಗೂಗಲ್ ಪೇಯಲ್ಲಿ ಹತ್ತು ಸಾವಿರ ಬಂದಿದ್ದರೆ ಅದು ಬಾಡಿಗೆಯೇ, ‘ಪೆಟ್ರೋಲಿಗೆ’ ಎಂದು ಷರಾ ಬರೆದರೂ ಅಷ್ಟೇ. ತುಳು ಸಿನಿಮಾದ ಶೂಟಿಂಗಿಗೆ ಕೊಡುವವರಿಗೂ ಇದೇ ಮಾತು. ಅಲ್ಲಿ ನಿರ್ಮಾಪಕರಿಂದ ಹಾನಿ ಭರಿಸುವ ಲಿಖಿತ ಒಪ್ಪಂದ ಮಾಡಿಸಿಕೊಳ್ಳಬೇಕು. ರ‍್ಯಾಲಿಗೂ ಮೂಲ ಪಾಲಿಸಿ ಸಾಲದು, ಆ ದಿನಗಳ ಮಟ್ಟಿಗೆ ರ‍್ಯಾಲಿ ಎಂಡಾರ್ಸ್‌ಮೆಂಟ್, ಅಂದರೆ ಪಾಲಿಸಿಗೆ ಸೇರಿಸುವ ಷರತ್ತು ಹಾಕಿಸಬೇಕು. ಸುಂಕಪಟ್ಟಿಯಲ್ಲಿ ಅದರ ಸಂಖ್ಯೆ ಐಎಂಟಿ 31. ಶಾಖೆಯಲ್ಲಿ ಹೊಸಬರಿದ್ದರೆ ಸಂಖ್ಯೆ ಹೇಳಿಯೇ ಕೇಳುವುದು ಒಳ್ಳೆಯದು.

ಇನ್ನೊಂದು ತೊಡಕು ಎಂಜಿನ್ ಬದಲಾವಣೆ. ಜೀಪಿಗೆ ಬೇರೆ ಡೀಸೆಲ್ ಎಂಜಿನ್, ಅಂಬಾಸಿಡರಿಗೆ ಇಸುಜು ಹಾಕಿಸುವುದು ನಮ್ಮ ಗ್ಯಾರೇಜುಗಳಲ್ಲಿ ದಶಕಗಳಿಂದ ನಡೆದಿದೆ. ಆರ್‌ಸಿಯಲ್ಲಿ ಅದು ದಾಖಲಾಗದಿದ್ದರೆ ಎಂಜಿನ್ ಸಂಖ್ಯೆ ತಾಳೆಯಾಗದೆ ಕ್ಲೇಮ್ ಅಲ್ಲಿಗೇ ನಿಲ್ಲುತ್ತದೆ. ದಾಖಲಾಗಿದ್ದರೆ ವಿಮೆ ಉಳಿಯುತ್ತದೆ, ‘ಮೂಲ ರೂಪ’ ಹೋಗಿ ವಿಂಟೇಜ್ ನೋಂದಣಿ ಕಷ್ಟವಾಗುತ್ತದೆ. ಎರಡೂ ಬೇಕೆಂದರೆ ಸಿಗುವುದಿಲ್ಲ.

ಮಳೆಗಾಲ

ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರ್ ಮೀರಿ ಮಳೆ ಸುರಿಯುವ ಊರಿನಲ್ಲಿ ಹಳೆ ಕಾರು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಶೆಡ್ಡಿನಲ್ಲೇ ಇರುತ್ತದೆ. ಹೀಗೆ ನಿಲ್ಲಿಸಿಟ್ಟ ಕಾಲಕ್ಕೆಂದೇ ‘ಲೇಡ್ ಅಪ್’ ಎಂಡಾರ್ಸ್‌ಮೆಂಟ್ ಇದೆ, ಐಎಂಟಿ 11. ರಿಪೇರಿಗೆಂದು ವರ್ಷಗಟ್ಟಲೆ ಗ್ಯಾರೇಜಿನಲ್ಲಿ ಬಿಚ್ಚಿಟ್ಟ ಕಾರಿಗೆ ಬೆಂಕಿ ಮತ್ತು ಕಳವಿಗೆ ಮಾತ್ರ ರಕ್ಷಣೆ ಕೊಡುವ ದಾರಿಯೂ ಇದೆ. ಇವನ್ನು ಯಾರೂ ತಾವಾಗಿ ಹೇಳುವುದಿಲ್ಲ, ಕಮಿಷನ್ ಕಮ್ಮಿ. ಗ್ಯಾಸ್ ವೆಲ್ಡಿಂಗ್ ನಡೆಯುವ ಜಾಗದಲ್ಲಿ ಪೆಟ್ರೋಲ್ ಟ್ಯಾಂಕ್ ಇರುವ ಕಾರು ನಿಂತಿರುತ್ತದೆ ಎಂಬುದನ್ನು ನೆನೆದರೆ ಅದರ ಅಗತ್ಯ ಗೊತ್ತಾಗುತ್ತದೆ.

ತೆಂಗಿನ ಮರದಡಿ ನಿಲ್ಲಿಸಿದ ಕಾರಿನ ಮೇಲೆ ಕಾಯಿ ಬಿದ್ದರೆ ಅದು ‘ಬಾಹ್ಯ ಆಕಸ್ಮಿಕ’, ಸಮಗ್ರ ಪಾಲಿಸಿಯಲ್ಲಿ ಪರಿಹಾರವಿದೆ. ಸಿಡಿಲು, ನೆರೆ, ಘಾಟಿಯಲ್ಲಿ ಗುಡ್ಡ ಜರಿಯುವುದಕ್ಕೂ ಇದೆ. ಇಲಿ, ಹೆಗ್ಗಣ ವೈರಿಂಗ್ ಕಡಿಯುವುದರ ಹೆಸರು ಪಾಲಿಸಿಯಲ್ಲಿ ಇಲ್ಲದ್ದರಿಂದ ಅದನ್ನು ಮೊದಲೇ ಇಮೇಲಿನಲ್ಲಿ ಕೇಳಿ ಉತ್ತರ ಇಟ್ಟುಕೊಳ್ಳಬೇಕು.

ನೆರೆಯಲ್ಲಿ ಒಂದು ಸೂಕ್ಷ್ಮವಿದೆ. ಮಂಗಳೂರಿನ ಕೊಟ್ಟಾರ ಚೌಕಿಯಲ್ಲೋ ಪಂಪ್‌ವೆಲ್‌ನಲ್ಲೋ ನೀರು ತುಂಬಿ ಸೀಟು, ವೈರಿಂಗ್ ಹಾಳಾದರೆ ವಿಮೆ ಕೊಡುತ್ತದೆ. ನೀರಲ್ಲಿ ನಿಂತ ಕಾರಿಗೆ ಕೀಲಿ ತಿರುಗಿಸಿ, ಸಿಲಿಂಡರಿಗೆ ನೀರು ಎಳೆದು ಕನೆಕ್ಟಿಂಗ್ ರಾಡ್ ಬಾಗಿದರೆ ಅದು ‘ಪರಿಣಾಮಜನ್ಯ ನಷ್ಟ’, ಎಂಜಿನ್ ಪ್ರೊಟೆಕ್ಟ್ ಎಂಬ ಹೆಚ್ಚುವರಿ ರಕ್ಷಣೆ ಹಾಕಿಸದಿದ್ದರೆ ಒಂದು ಪೈಸೆಯೂ ಬಾರದು. 2020ರ ಸೆಪ್ಟೆಂಬರಿನ ನೆರೆಯಲ್ಲಿ ಉಡುಪಿಯ ಕಲ್ಸಂಕ, ಬೈಲಕೆರೆಯ ಸುತ್ತ ಆದಂತೆ ರಾತ್ರೋರಾತ್ರಿ ನೀರು ಏರಿದರೆ ಸ್ಟಾರ್ಟ್ ಮಾಡಲೇಬಾರದು. ಬ್ಯಾಟರಿಯ ನೆಗೆಟಿವ್ ತೆಗೆದು, ನೀರಿನ ಮಟ್ಟದ ಗುರುತು ಕಾಣುವಂತೆ ಫೋಟೋ ತೆಗೆದು, ಕಂಪೆನಿಗೆ ತಿಳಿಸಿ, ತಳ್ಳಿಯೋ ಎಳೆದೋ ಸಾಗಿಸಬೇಕು. ಸ್ಪಾರ್ಕ್ ಪ್ಲಗ್ ಬಿಚ್ಚಿ ಕೈಯಲ್ಲಿ ತಿರುಗಿಸುವುದು ಸರ್ವೇಯರ್ ನೋಡಿ ಹೋದ ನಂತರದ ಕೆಲಸ.

ಶೇ. 20 ಎಥನಾಲ್ ಬೆರೆಸಿದ ಇ20 ಪೆಟ್ರೋಲಿನ ಗಲಾಟೆಯೂ ಇಲ್ಲಿಗೆ ಬರುತ್ತದೆ. ಅದನ್ನು ಬಳಸಿದರೆ ವಿಮೆ ರದ್ದಾಗುವುದಿಲ್ಲ ಎಂದು ಕೇಂದ್ರ ಪೆಟ್ರೋಲಿಯಂ ಸಚಿವಾಲಯ 2025ರ ಆಗಸ್ಟ್‌ನಲ್ಲಿ ಸ್ಪಷ್ಟಪಡಿಸಿದೆ. ಆದರೆ ಎಥನಾಲ್ ತಾಗಿ ಹಳೆ ಪೆಟ್ರೋಲ್ ಹೋಸ್, ಕಾರ್ಬುರೇಟರ್ ಡಯಾಫ್ರಮ್ ಹಾಳಾದರೆ ಅದು ಸವೆತ, ಖರ್ಚು ನಿಮ್ಮದು. ಅದೇ ಹೋಸ್ ಸೋರಿ ಕಾರಿಗೆ ಬೆಂಕಿ ಹತ್ತಿದರೆ ಬೆಂಕಿ ವಿಮೆಯೊಳಗಿನ ಅಪಾಯ. ಆಗ ‘ನಿರ್ವಹಣೆ ಸರಿಯಿರಲಿಲ್ಲ’ ಎಂಬ ತಕರಾರು ಏಳದಿರಬೇಕಾದರೆ ಹೋಸ್ ಬದಲಿಸಿದ ಬಿಲ್ ಇರಬೇಕು. ಕೆಲವು ನೂರು ರೂಪಾಯಿಯ ಬಿಲ್, ಅದಕ್ಕೂ ಫೈಲಿನಲ್ಲಿ ಜಾಗ ಕೊಡಿ.

ಕೋಟಿಯ ಕಾರಿಗೆ 1,500 ರೂಪಾಯಿಯ ಟೋಯಿಂಗ್

ದುಬಾರಿ ಕಾರಿನಲ್ಲಿ ಐಡಿವಿಗೆ ಜಗಳವಿಲ್ಲ, ಸೂತ್ರ ಇದೆ. ಜಗಳ ಆ ಸೂತ್ರ ಬಿಟ್ಟದ್ದರಲ್ಲಿ. ಒಂದೂವರೆ ಕೋಟಿ ಶೋರೂಂ ಬೆಲೆಯ ಕಾರಿಗೆ ಕರ್ನಾಟಕದಲ್ಲಿ ಆಜೀವ ತೆರಿಗೆ ಶೇ. 18, ಅಂದರೆ 27 ಲಕ್ಷ, ಸೆಸ್ ಬೇರೆ. ಎರಡನೆಯ ವರ್ಷದಲ್ಲಿ ಐಡಿವಿ 1.2 ಕೋಟಿ. ಕಾರು ಪೂರ್ತಿ ಹೋದರೆ ಕಿಸೆಯಿಂದ ಹೋಗುವುದು 57 ಲಕ್ಷಕ್ಕೂ ಹೆಚ್ಚು. ಇದನ್ನು ತುಂಬುವುದು ‘ರಿಟರ್ನ್ ಟು ಇನ್‌ವಾಯ್ಸ್’ ಎಂಬ ಹೆಚ್ಚುವರಿ ರಕ್ಷಣೆ, ಸಾಮಾನ್ಯವಾಗಿ ಮೊದಲ ಮೂರು ವರ್ಷ, ಕೆಲವರಲ್ಲಿ ಐದು. ತೆರಿಗೆಯೂ ಅದರಲ್ಲಿ ಸೇರಿದೆಯೇ ಎಂದು ಓದಿಯೇ ತೆಗೆದುಕೊಳ್ಳಬೇಕು.

ಮಾದರಿ ಪಾಲಿಸಿಯಲ್ಲಿ ಅಪಘಾತವಾದ ಕಾರನ್ನು ಹತ್ತಿರದ ಗ್ಯಾರೇಜಿಗೆ ಸಾಗಿಸಲು ಕೊಡುವ ಗರಿಷ್ಠ ಮೊತ್ತ 1,500 ರೂಪಾಯಿ. ಇಂಥ ಕಾರುಗಳ ಹೆಚ್ಚಿನ ಬ್ರಾಂಡ್‌ಗಳಿಗೆ ಮಂಗಳೂರಿನಲ್ಲಿ ವರ್ಕ್‌ಶಾಪ್ ಇಲ್ಲ, ಹೋಗಬೇಕಾದದ್ದು ಶಿರಾಡಿ ಹತ್ತಿ 350 ಕಿಲೋಮೀಟರ್ ದೂರದ ಬೆಂಗಳೂರಿಗೆ, ಅದೂ ಫ್ಲಾಟ್‌ಬೆಡ್ ಲಾರಿಯಲ್ಲಿ. ಕೊಕ್ಕೆ ಹಾಕಿ ಚಕ್ರ ಎತ್ತಿ ಎಳೆದರೆ ನಾಲ್ಕು ಚಕ್ರಕ್ಕೂ ಶಕ್ತಿ ಹೋಗುವ ಕಾರಿನ ಗೇರ್‌ಬಾಕ್ಸ್ ಹಾಳು, ಆ ಹಾನಿಗೆ ಮತ್ತೊಂದು ತಕರಾರು. ಹೆಚ್ಚುವರಿ ಪ್ರೀಮಿಯಂ ಕಟ್ಟಿ ಟೋಯಿಂಗ್ ಮಿತಿಯನ್ನು ಏರಿಸಿಕೊಳ್ಳಬಹುದು. ರೋಡ್‌ಸೈಡ್ ಅಸಿಸ್ಟೆನ್ಸ್ ಇದೆಯಲ್ಲ ಎನ್ನುವವರು ಅದರ ಕಿಲೋಮೀಟರ್ ಮಿತಿಯನ್ನು ನೋಡಲಿ.

ಸವಕಳಿ ಪಟ್ಟಿಯಲ್ಲಿ ಫೈಬರ್‌ಗ್ಲಾಸಿಗೆ ಶೇ. 30 ಎಂದಿದೆ, ಕಾರ್ಬನ್ ಫೈಬರಿಗೆ ಸಾಲೇ ಇಲ್ಲ. ಸವಕಳಿ ಕಳೆಯದೆ ಕೊಡುವ ‘ಝೀರೋ ಡೆಪ್ರಿಸಿಯೇಶನ್’ ರಕ್ಷಣೆ ಇರುವವರೆಗೆ ಇದು ಲೆಕ್ಕಕ್ಕಿಲ್ಲ, ಅದು ಮುಗಿದ ವರ್ಷದಿಂದ ಬಾನೆಟ್ ಯಾವ ಸಾಲಿಗೆ ಬೀಳುತ್ತದೆ ಎಂಬುದು ಲಕ್ಷಗಳ ಪ್ರಶ್ನೆ. ನವೀಕರಣದ ಹೊತ್ತಿಗೇ ಬರೆಸಿಕೊಳ್ಳಿ. ಎಂಜಿನ್ ಪ್ರೊಟೆಕ್ಟ್, ಟಯರ್ ಮತ್ತು ರಿಮ್, ಕೀಲಿ ಇವು ಮೂರೂ ಈ ವರ್ಗದಲ್ಲಿ ಬೇಕೇ ಬೇಕು. ನಮ್ಮ ಹಂಪ್‌ಗಳಿಗೆ ಆ ಕಾರುಗಳ ಹೊಟ್ಟೆ ತಾಗದೆ ಇರುವುದಿಲ್ಲ.

ಕಾಗದ ಸರಿಯಿಲ್ಲದಿದ್ದರೆ

ಕಾಸರಗೋಡಿನಿಂದ ಕೆಎಲ್ 14 ಸಂಖ್ಯೆಯ ಹಳೆ ಕಾರು ತರುವವರು, ತೆರಿಗೆ ಉಳಿಸಲು ಪುದುಚೇರಿ ಸಂಖ್ಯೆಯಲ್ಲಿ ಕಾರು ಓಡಿಸುವವರು ಇಬ್ಬರೂ ಗಮನಿಸಬೇಕಾದ ಅವಧಿ 12 ತಿಂಗಳು. ಅದಕ್ಕಿಂತ ಹೆಚ್ಚು ಕಾಲ ಇಲ್ಲಿಟ್ಟರೆ ಇಲ್ಲಿಯ ಸಂಖ್ಯೆ ಪಡೆಯಲೇಬೇಕು. 2025ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಸಾರಿಗೆ ಇಲಾಖೆ ತೆರಿಗೆ ಕಟ್ಟದ ಐಷಾರಾಮಿ ಕಾರುಗಳನ್ನು ಸಾಲಾಗಿ ಜಪ್ತಿ ಮಾಡಿದ್ದು ನೆನಪಿರಬಹುದು. ಕೊಂಡ ಕಾರಿನ ಥರ್ಡ್ ಪಾರ್ಟಿ ರಕ್ಷಣೆ ತಾನಾಗಿ ಹೊಸ ಮಾಲೀಕನಿಗೆ ಬರುತ್ತದೆ, ಸ್ವಂತ ಹಾನಿಯದು ಬರುವುದಿಲ್ಲ. ಅದಕ್ಕೆ 14 ದಿನದೊಳಗೆ ಕಂಪೆನಿಗೆ ಅರ್ಜಿ ಕೊಡಬೇಕು. ಆರ್‌ಸಿ ಅವಧಿಯೂ ಚಾಲ್ತಿಯಲ್ಲಿರಲಿ. ತಾತ್ಕಾಲಿಕ ನೋಂದಣಿ ಮುಗಿದಿದ್ದ ಕಾರು ಕಳುವಾದ ಪ್ರಕರಣದಲ್ಲಿ, ನೋಂದಣಿ ಇಲ್ಲದಿರುವುದು ಮೂಲಭೂತ ಷರತ್ತಿನ ಉಲ್ಲಂಘನೆ, ಪರಿಹಾರ ಕೊಡಬೇಕಿಲ್ಲ ಎಂದು ಸುಪ್ರೀಂ ಕೋರ್ಟ್ 2021ರ ಸೆಪ್ಟೆಂಬರಿನಲ್ಲಿ ಹೇಳಿದೆ.

ಕ್ಲೇಮ್ ತಿರಸ್ಕಾರವಾದರೆ ಮೊದಲು ಕಂಪೆನಿಯ ದೂರು ವಿಭಾಗಕ್ಕೆ ಲಿಖಿತವಾಗಿ ಬರೆಯಬೇಕು. 30 ದಿನದಲ್ಲಿ ಉತ್ತರ ಬಾರದಿದ್ದರೆ ಅಥವಾ ಉತ್ತರ ಒಪ್ಪಿಗೆಯಾಗದಿದ್ದರೆ, ವರ್ಷದೊಳಗೆ ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್‌ಗೆ ಹೋಗಬಹುದು. ಅಲ್ಲಿ ಶುಲ್ಕವಿಲ್ಲ, ವಕೀಲರೂ ಬೇಡ, ಪರಿಹಾರದ ಮಿತಿ 50 ಲಕ್ಷ. ಹಳೆ ಕಾರಿಗೆ ಅದು ಧಾರಾಳ. ಕೋಟಿಯ ಕಾರಿನವರಿಗೆ ಗ್ರಾಹಕರ ಆಯೋಗವೇ ದಾರಿ, ಅದಕ್ಕೂ ಬೆಂಗಳೂರು, ದೆಹಲಿಗೆ ಓಡಬೇಕಾಗಿಲ್ಲ. 2019ರ ಗ್ರಾಹಕ ರಕ್ಷಣಾ ಕಾಯ್ದೆಯಲ್ಲಿ ನೋಡುವುದು ಗ್ರಾಹಕ ಕೊಟ್ಟ ಹಣವನ್ನು, ಕೇಳುವ ಪರಿಹಾರವನ್ನಲ್ಲ. ಪ್ರೀಮಿಯಂ ಜಿಲ್ಲಾ ಆಯೋಗದ ಮಿತಿಯಾದ 50 ಲಕ್ಷದೊಳಗೆ ಇರುವುದರಿಂದ ಎರಡು ಕೋಟಿಯ ಕಾರಿನ ದೂರನ್ನೂ ಎರಡು ವರ್ಷದೊಳಗೆ ಮಂಗಳೂರು ಅಥವಾ ಉಡುಪಿಯ ಜಿಲ್ಲಾ ಆಯೋಗದಲ್ಲೇ ದಾಖಲಿಸಬಹುದು.